ಮೂಕಜೀವದ ರಕ್ತದಾನ

ಕಳೆದ ಮಳೆಗಾಲದ ಒಂದು ರಾತ್ರಿ. ಊಟ ಮುಗಿಸಿ ಎಲೆಯಡಿಕೆಯ ತಟ್ಟೆಗೆ ಕೈ ನೀಡಿದ್ದೆ. ಅಷ್ಟರಲ್ಲಿ ಗೇಟಿನ ಸದ್ದಾಯಿತು. ಬಂದವರು ಎದುರುಮನೆಯ ನಿವೃತ್ತ ಮೇಷ್ಟ್ರು. ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ಗಣಿತ ಕಲಿಸಿ, ಎಂಥ ಲೆಕ್ಕಕ್ಕೂ ಎದೆಗುಂದದಿದ್ದ ಆ ಹಿರಿಯರ ದನಿ ಅಂದು ನಡುಗುತ್ತಿತ್ತು.

“ನಮ್ಮ ರಾಜ ಏಳುತ್ತಿಲ್ಲ. ಈಗಿಂದೀಗಲೇ ಆಸ್ಪತ್ರೆಗೆ ಒಯ್ಯಬೇಕು. ನಿಮ್ಮ ಕಾರು ತೆಗೆಯುತ್ತೀರಾ?”

ರಾಜ ಎಂದರೆ ಅವರ ಮನೆಯ ನಾಯಿ. ಐದು ವರ್ಷದ ಪ್ರಾಯ, ೨೦ ಕಿಲೋ ತೂಕ, ಇಂಥದೇ ಜಾತಿಯೆಂದು ಹೇಳಲಾಗದ ನಮ್ಮ ನಾಡಿನ ನಾಯಿ. ಮೂರು ದಿನಗಳಿಂದ ಅದು ಅನ್ನ ಮುಟ್ಟಿರಲಿಲ್ಲವಂತೆ. ಮಳೆಗೆ ಜಡವಾಗಿದೆಯೆಂದು ಮನೆಯವರು ಭಾವಿಸಿದ್ದರು. ಆ ಸಂಜೆ ಮೊಮ್ಮಗಳು ಅದರ ತುಟಿಯೆತ್ತಿ ನೋಡಿ, “ತಾತಾ, ಇದರ ಒಸಡು ಸುಣ್ಣದ ಗೋಡೆಯ ಹಾಗಿದೆ” ಎಂದಾಗಲೇ ಎಲ್ಲರಿಗೂ ಗಾಬರಿ ಹುಟ್ಟಿದ್ದು.

ಆಸ್ಪತ್ರೆಯಲ್ಲಿ ವೈದ್ಯರು ಸ್ವಲ್ಪ ರಕ್ತ ತೆಗೆದು ಪರೀಕ್ಷಿಸಿದರು. ಉಣ್ಣೆಯ ಕಡಿತದಿಂದ ಬಂದ ಜ್ವರ. ರೋಗಾಣುಗಳು ಕೆಂಪು ರಕ್ತಕಣಗಳೊಳಗೆ ಹೊಕ್ಕು ಅವನ್ನು ಒಡೆದುಹಾಕಿದ್ದವು. “ಔಷಧಿ ಇದೆ. ಆದರೆ ಅದು ನಾಟುವುದಕ್ಕೆ ಎರಡು ಮೂರು ದಿನ ಬೇಕು. ಅಷ್ಟು ಕಾಲ ಇದು ತಡೆಯುವುದು ಕಷ್ಟ. ರಕ್ತ ಏರಿಸಬೇಕು” ಎಂದರು.

ಮೇಷ್ಟ್ರು ಹಿಂದೆಮುಂದೆ ನೋಡಲಿಲ್ಲ. ಅಂಗಿಯ ತೋಳು ಮಡಿಸಿ, “ನನ್ನದೇ ತೆಗೆದುಕೊಳ್ಳಿ, ಡಾಕ್ಟರೇ” ಎಂದುಬಿಟ್ಟರು.

ವೈದ್ಯರು ನಗಲಿಲ್ಲ. “ನಿಮ್ಮ ಮನಸ್ಸು ದೊಡ್ಡದು, ಮೇಷ್ಟ್ರೇ. ಆದರೆ ನಿಮ್ಮ ರಕ್ತ ಅದಕ್ಕೆ ವಿಷ. ನಾಯಿಗೆ ನಾಯಿಯ ರಕ್ತವೇ ಆಗಬೇಕು. ೨೫ ಕಿಲೋಗೆ ಕಡಿಮೆಯಿಲ್ಲದ, ಆರೋಗ್ಯವಾದ ನಾಯಿ ನಿಮ್ಮ ಕಡೆ ಯಾರಲ್ಲಾದರೂ ಇದೆಯೆ?”

ರಾತ್ರಿ ಹತ್ತು ಗಂಟೆ. ಹೊರಗೆ ಜಡಿಮಳೆ. ಆ ಹೊತ್ತಿನಲ್ಲಿ ಯಾರ ಮನೆಯ ಬಾಗಿಲು ತಟ್ಟುವುದು? ಏನೆಂದು ಕೇಳುವುದು?

ಆ ರಾತ್ರಿ ಮುಂದೇನಾಯಿತೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಮೇಷ್ಟ್ರ ಮನೆಯಲ್ಲಿ ಆದದ್ದು ನಾಯಿ ಬೆಕ್ಕು ಸಾಕಿದ ಯಾವ ಮನೆಯಲ್ಲಾದರೂ ಆಗಬಹುದು. ಆದುದರಿಂದ ಅದಕ್ಕೆ ಮುನ್ನ ವಾಚಕರು ತಿಳಿದಿರಬೇಕಾದ ನಾಲ್ಕು ಮಾತು.

ಹಳೆಯ ಋಣ

ನಾಯಿಗೆ ರಕ್ತ ಕೊಡುವುದೆಂದರೆ ಹುಬ್ಬೇರಿಸುವವರಿದ್ದಾರೆ. ಮನುಷ್ಯರಿಗೇ ಸಾಲದಿರುವಾಗ ಇದೆಂಥ ಹೊಸ ಶೋಕಿ ಎನ್ನುವವರೂ ಉಂಟು. ನಿಜ ಹೇಳಬೇಕೆಂದರೆ ಇದು ಹೊಸದಲ್ಲ. ಮನುಷ್ಯನಿಗಿಂತ ಮೊದಲು ರಕ್ತ ಪಡೆದು ಬದುಕಿದ್ದು ನಾಯಿಯೇ.

ಇಂಗ್ಲೆಂಡಿನ ವಿಲಿಯಂ ಹಾರ್ವೆ ೧೬೨೮ರಲ್ಲಿ ರಕ್ತ ಶರೀರದಲ್ಲಿ ಸುತ್ತುತ್ತಿರುತ್ತದೆಂದು ತೋರಿಸಿದ. ಸುತ್ತುವ ರಕ್ತವನ್ನು ಒಂದು ಶರೀರದಿಂದ ಇನ್ನೊಂದಕ್ಕೆ ಹರಿಸಲಾಗದೆ ಎಂಬ ಪ್ರಶ್ನೆ ಅದರ ಬೆನ್ನಿಗೇ ಹುಟ್ಟಿತು. ೧೬೬೫ರಲ್ಲಿ ಆಕ್ಸ್‌ಫರ್ಡಿನ ವೈದ್ಯ ರಿಚರ್ಡ್ ಲೋವರ್ ಒಂದು ನಾಯಿಯ ರಕ್ತವನ್ನು ಅದು ಸಾಯುವ ಹಂತಕ್ಕೆ ಬರುವವರೆಗೂ ಹೊರಕ್ಕೆ ಹರಿಯಬಿಟ್ಟು, ಬಳಿಕ ಇನ್ನೊಂದು ದೊಡ್ಡ ನಾಯಿಯ ಕುತ್ತಿಗೆಯ ಧಮನಿಯಿಂದ ಅದರ ರಕ್ತನಾಳಕ್ಕೆ ಕೊಳವೆಯ ಮೂಲಕ ರಕ್ತ ಹಾಯಿಸಿದ. ಕಟ್ಟು ಬಿಚ್ಚಿದೊಡನೆ ಆ ನಾಯಿ ಮೇಜಿನಿಂದ ಕೆಳಗೆ ನೆಗೆದು, ಆದ ಗಾಯವನ್ನು ಮರೆತು, ಯಜಮಾನನ ಬಳಿ ಬಾಲವಾಡಿಸಿ, ಹುಲ್ಲಿನ ಮೇಲೆ ಹೊರಳಿ ಮೈಯ ರಕ್ತವನ್ನು ಒರೆಸಿಕೊಂಡಿತೆಂದು ಲೋವರನೇ ಬರೆದಿಟ್ಟಿದ್ದಾನೆ. ರಕ್ತ ಕೊಟ್ಟ ನಾಯಿ ಮಾತ್ರ ಉಳಿಯಲಿಲ್ಲ.

ಆ ಉತ್ಸಾಹದಲ್ಲಿ ೧೬೬೭ರಲ್ಲಿ ಪ್ಯಾರಿಸಿನ ಝಾನ್ ಬಾಪ್ತಿಸ್ತ್ ದೆನಿ ಎಂಬಾತ ಕುರಿಮರಿಯ ರಕ್ತವನ್ನು ಹದಿನೈದು ವರ್ಷದ ಹುಡುಗನಿಗೆ ಕೊಟ್ಟ. ಹುಡುಗ ಹೇಗೋ ಉಳಿದ. ಆದರೆ ಇಂಥ ಚಿಕಿತ್ಸೆ ಪಡೆದ ಇನ್ನೊಬ್ಬ ರೋಗಿ ಸತ್ತು, ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಆಮೇಲೆ ಸುಮಾರು ನೂರೈವತ್ತು ವರ್ಷಗಳ ಕಾಲ ರಕ್ತ ಕೊಡುವ ಮಾತನ್ನೇ ಜನ ಬಿಟ್ಟರು.

ಆ ಮಾತನ್ನು ಮತ್ತೆ ಎತ್ತಿದವನು ಲಂಡನ್ನಿನ ಹೆರಿಗೆ ವೈದ್ಯ ಜೇಮ್ಸ್ ಬ್ಲಂಡೆಲ್. ಹೆತ್ತ ತಾಯಂದಿರು ರಕ್ತಸ್ರಾವದಿಂದ ಕಣ್ಣೆದುರೇ ಸಾಯುವುದನ್ನು ಆತ ಕಂಡಿದ್ದ. ೧೮೧೮ರ ಸುಮಾರಿಗೆ ಆತನೂ ಪ್ರಯೋಗಕ್ಕೆ ತೊಡಗಿದ್ದು ನಾಯಿಗಳ ಮೇಲೆಯೇ. ರಕ್ತ ಬಸಿದುಹೋದ ನಾಯಿಗೆ ನಾಯಿಯ ರಕ್ತ ಕೊಟ್ಟರೆ ಅದು ಎದ್ದು ಕೂಡುತ್ತಿತ್ತು. ಮನುಷ್ಯನ ರಕ್ತ ಕೊಟ್ಟರೆ ಸಾಯುತ್ತಿತ್ತು. ಮನುಷ್ಯನಿಗೆ ಮನುಷ್ಯನ ರಕ್ತವೇ ಆಗಬೇಕು ಎಂಬ ಪಾಠವನ್ನು ಆತ ಕಲಿತದ್ದು ಹೀಗೆ. ನಮ್ಮ ಮೇಷ್ಟ್ರ ತೋಳನ್ನು ವೈದ್ಯರು ಏಕೆ ಒಲ್ಲೆನೆಂದರೋ, ಅದಕ್ಕೆ ಉತ್ತರ ಇನ್ನೂರು ವರ್ಷಗಳ ಹಿಂದೆಯೇ ದೊರೆತಿತ್ತು.

ತೆಗೆದ ರಕ್ತ ಹೆಪ್ಪುಗಟ್ಟದಂತೆ ಸಿಟ್ರೇಟ್ ಎಂಬ ಲವಣ ಬೆರೆಸುವ ಉಪಾಯ ೧೯೧೪ರಲ್ಲಿ ಬಂದಿತು. ಅದನ್ನು ಎಷ್ಟು ಪ್ರಮಾಣದಲ್ಲಿ ಬೆರೆಸಿದರೆ ಅಪಾಯವಿಲ್ಲವೆಂದು ಮರುವರ್ಷ ನ್ಯೂಯಾರ್ಕಿನ ರಿಚರ್ಡ್ ಲೆವಿಸೋನ್ ತೋರಿಸಿದಾಗಲೂ ಪ್ರಯೋಗಕ್ಕೆ ಮೈಯೊಡ್ಡಿದ್ದು ನಾಯಿಗಳೇ. ಇಂದು ನಮ್ಮ ಆಸ್ಪತ್ರೆಗಳಲ್ಲಿ ತೂಗುವ ಪ್ರತಿಯೊಂದು ರಕ್ತದ ಚೀಲದ ಹಿಂದೆಯೂ ಆ ಮೂಕಪ್ರಾಣಿಗಳ ಋಣವಿದೆ. ಈಗ ಅದೇ ವಿದ್ಯೆ ಅವುಗಳಿಗೆ ಮರಳುತ್ತಿದ್ದರೆ ಅದನ್ನು ಶೋಕಿ ಎನ್ನಲು ನನಗೆ ಮನಸ್ಸು ಬಾರದು.

ಯಾವಾಗ ಬೇಕು?

ಶರೀರದ ಮೂಲೆಮೂಲೆಗೂ ಪ್ರಾಣವಾಯುವನ್ನು ಹೊತ್ತೊಯ್ಯುವ ಕೂಲಿಯಾಳುಗಳೆಂದರೆ ಕೆಂಪು ರಕ್ತಕಣಗಳು. ರಕ್ತವನ್ನು ಸಣ್ಣ ಗಾಜಿನ ನಳಿಗೆಯಲ್ಲಿ ತುಂಬಿ ಯಂತ್ರದಲ್ಲಿ ವೇಗವಾಗಿ ತಿರುಗಿಸಿದರೆ ಕಣಗಳೆಲ್ಲ ತಳ ಸೇರುತ್ತವೆ. ಆರೋಗ್ಯವಂತ ನಾಯಿಯಲ್ಲಿ ಆ ಕೆಂಪು ಭಾಗ ನೂರಕ್ಕೆ ಸುಮಾರು ೩೭ರಿಂದ ೫೫ರಷ್ಟು. ಬೆಕ್ಕಿನಲ್ಲಿ ೩೦ರಿಂದ ೪೫ರಷ್ಟು. ರಾಜನಲ್ಲಿ ಅಂದು ಇದ್ದದ್ದು ೧೧.

ಸಂಖ್ಯೆಯೊಂದನ್ನೇ ನೋಡಿ ವೈದ್ಯರು ರಕ್ತ ಏರಿಸುವುದಿಲ್ಲ. ತಿಂಗಳುಗಟ್ಟಲೆ ನಿಧಾನವಾಗಿ ರಕ್ತ ಕುಂದಿದ ಪ್ರಾಣಿ ೧೫ರಲ್ಲಿಯೂ ಓಡಾಡಿಕೊಂಡಿರಬಹುದು. ಅಪಘಾತದಲ್ಲಿ ಥಟ್ಟನೆ ರಕ್ತ ಕಳೆದುಕೊಂಡದ್ದು ೨೫ರಲ್ಲಿಯೇ ನೆಲ ಹಿಡಿಯಬಹುದು. ಬಿಳಿಚಿದ ಒಸಡು, ಏದುಸಿರು, ಹಾರುವ ನಾಡಿ, ಏಳಲಾರದ ನಿತ್ರಾಣ—ಇವೆಲ್ಲವನ್ನೂ ಕೂಡಿಸಿ ನೋಡಿ ನಿರ್ಧರಿಸುತ್ತಾರೆ.

ನಮ್ಮ ಊರುಗಳಲ್ಲಿ ಈ ಸ್ಥಿತಿಗೆ ತರುವ ಮೊದಲ ವೈರಿ ಉಣುಗು ಎಂದೂ ಕರೆಯುವ ಉಣ್ಣೆ. ಗೋಡೆಯ ಬಿರುಕಿನಲ್ಲಿ, ಬಾಗಿಲ ಸಂದಿನಲ್ಲಿ ಅಡಗಿ, ನಾಯಿಯ ಕಿವಿಯೊಳಗೂ ಬೆರಳ ಸಂದಿನಲ್ಲಿಯೂ ಕಚ್ಚಿಕೊಳ್ಳುವ ಈ ಕಂದುಬಣ್ಣದ ಜಂತು ಬೆಬೀಸಿಯಾ, ಎರ್ಲಿಕಿಯಾ ಎಂಬ ರೋಗಾಣುಗಳನ್ನು ರಕ್ತಕ್ಕೆ ಬಿಡುತ್ತದೆ. ಮರಿಗಳ ಕರುಳಿನಲ್ಲಿ ಕೊಕ್ಕೆಹುಳು ಕಚ್ಚಿಕೊಂಡು ರಕ್ತ ಹೀರಿಬಿಡುವುದುಂಟು. ಇಲಿಪಾಷಾಣಗಳಲ್ಲಿ ಕೆಲವು ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕೆಡಿಸುತ್ತವೆ. ಪ್ರಾಣಿ ಒಳಗೊಳಗೇ ರಕ್ತ ಸುರಿಸಿ ಕುಸಿಯುತ್ತದೆ. ಕೆಲವೊಮ್ಮೆ ಶರೀರವು ತನ್ನ ರಕ್ತಕಣಗಳನ್ನೇ ಪರಕೀಯವೆಂದು ಬಗೆದು ತಾನೇ ನಾಶಮಾಡುವುದೂ ಉಂಟು.

ಒಂದು ಮಾತನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಇವುಗಳಲ್ಲಿ ಹೆಚ್ಚಿನವಕ್ಕೆ ರಕ್ತವೇ ಔಷಧಿಯಲ್ಲ. ರಕ್ತ ಕೊಡುವುದು ಕಾಲಾವಕಾಶವನ್ನು. ಉಣ್ಣೆಜ್ವರಕ್ಕೆ ಅದರ ಔಷಧಿಯೇ ಆಗಬೇಕು. ಇಲಿಪಾಷಾಣಕ್ಕೆ ಕೆ ಜೀವಸತ್ವವೇ ಆಗಬೇಕು. ಅವು ಕೆಲಸ ಮಾಡುವವರೆಗೆ ದೀಪ ಆರದಂತೆ ಎಣ್ಣೆ ಹನಿಸುವುದಷ್ಟೇ ರಕ್ತದ ಕೆಲಸ. ಮೂಲರೋಗಕ್ಕೆ ದಾರಿಯೇ ಇಲ್ಲವೆಂದು ವೈದ್ಯರು ಹೇಳಿದರೆ, ರಕ್ತ ಏರಿಸಿ ಸಂಕಟವನ್ನು ಲಂಬಿಸಬೇಕೆ ಎಂಬುದನ್ನು ಮನೆಯವರು ಧೈರ್ಯದಿಂದ ಯೋಚಿಸಬೇಕಾಗುತ್ತದೆ.

ನಾಯಿಯ ನ್ಯಾಯ ಬೇರೆ, ಬೆಕ್ಕಿನ ನ್ಯಾಯ ಬೇರೆ

ಮನುಷ್ಯರ ರಕ್ತದಲ್ಲಿ ಗುಂಪುಗಳಿವೆಯೆಂದು ಕಾರ್ಲ್ ಲ್ಯಾಂಡ್‌ಸ್ಟೈನರ್ ೧೯೦೧ರಲ್ಲಿ ತೋರಿಸಿದ್ದು ಎಲ್ಲರಿಗೂ ತಿಳಿದ ಸಂಗತಿ. ಪ್ರಾಣಿಗಳಲ್ಲಿಯೂ ಗುಂಪುಗಳಿವೆ. ಆದರೆ ಅವು ನಮ್ಮವಲ್ಲ. ಬೆಕ್ಕಿನ ‘ಎ’ ಗುಂಪಿಗೂ ನಮ್ಮ ‘ಎ’ ಗುಂಪಿಗೂ ಹೆಸರಿನ ಹೊರತು ಸಂಬಂಧವಿಲ್ಲ.

ನಾಯಿಯಲ್ಲಿ ಹತ್ತಾರು ಗುಂಪುಗಳನ್ನು ಗುರುತಿಸಿದ್ದಾರೆ. ಎಲ್ಲಕ್ಕೂ ಮುಖ್ಯವಾದುದು ‘ಡಿ.ಇ.ಎ. ೧’ ಎಂಬುದು. ಅದು ಕೆಲವು ನಾಯಿಗಳಲ್ಲಿದೆ, ಕೆಲವುಗಳಲ್ಲಿಲ್ಲ. ಇಲ್ಲಿ ಪ್ರಕೃತಿ ನಾಯಿಗೆ ಒಂದು ದಯೆ ತೋರಿದೆ. ಇಲ್ಲದ ನಾಯಿಯ ರಕ್ತದಲ್ಲಿ ಅದರ ವಿರುದ್ಧದ ಪ್ರತಿಕಾಯಗಳು ಹುಟ್ಟಿನಿಂದ ಇರುವುದಿಲ್ಲ. ಆದುದರಿಂದ ಮೊದಲ ಸಲ ಗುಂಪು ಹೊಂದದ ರಕ್ತ ಕೊಟ್ಟರೂ ಸಾಮಾನ್ಯವಾಗಿ ಆ ಕ್ಷಣಕ್ಕೆ ಅನಾಹುತವಾಗದು. ಆದರೆ ಶರೀರ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಕೆಲವೇ ದಿನಗಳಲ್ಲಿ ಪ್ರತಿಕಾಯಗಳು ಹುಟ್ಟುತ್ತವೆ. ಎರಡನೆಯ ಸಲ ಅದೇ ತಪ್ಪು ಮಾಡಿದರೆ ಕೊಟ್ಟ ಕಣಗಳೆಲ್ಲ ಒಡೆದು ಪ್ರಾಣಕ್ಕೇ ಸಂಚಕಾರ ಬರುತ್ತದೆ. ಹಿಂದೆ ಎಂದಾದರೂ ರಕ್ತ ಕೊಡಿಸಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳುವುದು ಈ ಕಾರಣಕ್ಕಾಗಿ.

ಬೆಕ್ಕಿಗೆ ಈ ದಯೆಯಿಲ್ಲ. ಅದರಲ್ಲಿ ಎ, ಬಿ, ಎಬಿ ಎಂದು ಮೂರು ಗುಂಪುಗಳು. ಬಹುಪಾಲು ಬೆಕ್ಕುಗಳದು ಎ ಗುಂಪು. ಬ್ರಿಟಿಷ್ ಶಾರ್ಟ್‌ಹೇರ್, ಪರ್ಷಿಯನ್ ಮೊದಲಾದ ತಳಿಗಳಲ್ಲಿ ಬಿ ಗುಂಪಿನವೂ ಸಾಕಷ್ಟಿವೆ. ನಮ್ಮಂತೆಯೇ ಬೆಕ್ಕಿಗೂ ಪರಗುಂಪಿನ ವಿರುದ್ಧ ಪ್ರತಿಕಾಯಗಳು ಮೊದಲೇ ಸಿದ್ಧವಾಗಿರುತ್ತವೆ. ಬಿ ಗುಂಪಿನ ಬೆಕ್ಕಿನಲ್ಲಂತೂ ಅವು ಬಹಳ ತೀಕ್ಷ್ಣ. ಅಂಥ ಬೆಕ್ಕಿಗೆ ಎ ಗುಂಪಿನ ರಕ್ತ ಕೆಲವೇ ಮಿಲಿಲೀಟರು ಹೋದರೂ ನಿಮಿಷಗಳಲ್ಲಿ ಉಸಿರು ನಿಲ್ಲಬಹುದು. ಆದುದರಿಂದ ಗುಂಪು ನೋಡದೆ ಬೆಕ್ಕಿಗೆ ರಕ್ತ ಕೊಡುವ ಮಾತೇ ಇಲ್ಲ.

ಈ ವೈರ ತಾಯಿಯ ಹಾಲಿನಲ್ಲಿಯೂ ಕಾಣಿಸುತ್ತದೆಂದರೆ ಆಶ್ಚರ್ಯವಾದೀತು. ಬಿ ಗುಂಪಿನ ತಾಯಿಬೆಕ್ಕು ಎ ಗುಂಪಿನ ಮರಿ ಹಾಕಿದರೆ, ಆ ಮರಿ ಮೊದಲ ದಿನದ ಗಿಣ್ಣುಹಾಲು ಕುಡಿಯುತ್ತಲೇ ತಾಯಿಯ ಪ್ರತಿಕಾಯಗಳು ಅದರ ರಕ್ತಕಣಗಳನ್ನು ಒಡೆಯತೊಡಗುತ್ತವೆ. ಚೆನ್ನಾಗಿ ಹುಟ್ಟಿದ ಮರಿಗಳು ಎರಡು ಮೂರು ದಿನದಲ್ಲಿ ಒಂದೊಂದಾಗಿ ಸಾಯುವುದನ್ನು ಕಂಡು ‘ದೃಷ್ಟಿಯಾಯಿತು’ ಎನ್ನುವವರಿದ್ದಾರೆ. ಗುಂಪು ತಿಳಿದಿದ್ದರೆ ಮೊದಲ ಒಂದು ದಿನ ತಾಯಿಯ ಹಾಲು ತಪ್ಪಿಸಿ, ಬೇರೆ ಹಾಲೂಡಿಸಿ ಆ ಮರಿಗಳನ್ನು ಉಳಿಸಿಕೊಳ್ಳಬಹುದು.

ಇನ್ನೊಂದು ವಿಚಿತ್ರವನ್ನು ಹೇಳದೆ ಮುಂದೆ ಹೋಗಲಾರೆ. ನಾಯಿಗೂ ಬೆಕ್ಕಿಗೂ ಎಣ್ಣೆ ಸೀಗೆಕಾಯಿ ಸಂಬಂಧವಷ್ಟೆ? ಆದರೆ ಹೊಂದುವ ಬೆಕ್ಕಿನ ರಕ್ತ ಎಲ್ಲಿಯೂ ಸಿಗದೆ ಪ್ರಾಣ ಹೋಗುವಂತಿರುವಾಗ ವೈದ್ಯರು ಬೆಕ್ಕಿಗೆ ನಾಯಿಯ ರಕ್ತವನ್ನೇ ಕೊಟ್ಟು ಉಳಿಸಿರುವುದುಂಟು. ಆ ಕಣಗಳು ಬಾಳುವುದು ನಾಲ್ಕಾರು ದಿನ ಮಾತ್ರ. ಆ ಅವಕಾಶವೂ ಆಯುಷ್ಯದಲ್ಲಿ ಒಂದೇ ಸಲ. ವಾರದ ಬಳಿಕ ಮತ್ತೆ ಕೊಟ್ಟರೆ ಅದು ಮೃತ್ಯುವೇ. ಇದು ಕೊನೆಯ ಉಪಾಯ. ವೈದ್ಯರೇ ಎಣಿಸಿ ನೋಡಿ ಮಾಡಬೇಕಾದದ್ದು.

ಕೊಡುವವರು, ಕೊಳ್ಳುವವರು

ದಾನಿಯಾಗುವ ನಾಯಿ ಒಂದರಿಂದ ಎಂಟು ವರ್ಷದೊಳಗಿನದಾಗಿ, ೨೫ ಕಿಲೋಗೆ ಮೇಲ್ಪಟ್ಟು, ಎಲ್ಲ ಲಸಿಕೆಗಳೂ ಆಗಿ, ಸಾಧುಸ್ವಭಾವದ್ದಾಗಿರಬೇಕು. ಗಬ್ಬವಾಗಿರಬಾರದು. ತಾನೇ ಎಂದೂ ರಕ್ತ ಪಡೆದಿರಬಾರದು. ಉಣ್ಣೆಜ್ವರ ಮೊದಲಾದ ರೋಗಗಳಿಲ್ಲವೆಂದು ಪರೀಕ್ಷೆಯಾಗಬೇಕು. ಇಲ್ಲವಾದರೆ ರಕ್ತದೊಡನೆ ರೋಗವನ್ನೂ ದಾನ ಮಾಡಿದಂತಾಗುತ್ತದೆ. ಕುತ್ತಿಗೆಯ ದೊಡ್ಡ ರಕ್ತನಾಳದಿಂದ ಸುಮಾರು ೪೫೦ ಮಿಲಿಲೀಟರು ತೆಗೆಯುತ್ತಾರೆ. ಒಳ್ಳೆಯ ನಾಯಿಯಾದರೆ ಯಜಮಾನನ ಕೈ ತಲೆಯ ಮೇಲಿದ್ದರೆ ಸಾಕು, ಮತ್ತು ಬರಿಸುವ ಚುಚ್ಚುಮದ್ದಿಲ್ಲದೆಯೇ ಮಲಗಿರುತ್ತದೆ. ಬೆಕ್ಕು ಹಾಗಲ್ಲ, ಅದಕ್ಕೆ ತುಸು ಮಂಪರು ಬರಿಸಲೇಬೇಕು. ನಾಲ್ಕು ಕಿಲೋ ಬೆಕ್ಕಿನ ಮೈಯಲ್ಲಿರುವ ರಕ್ತವೆಲ್ಲ ಸೇರಿದರೂ ಕಾಲು ಲೀಟರಿನಷ್ಟು. ಅದರಿಂದ ತೆಗೆಯಬಹುದಾದದ್ದು ೪೦–೫೦ ಮಿಲಿಲೀಟರು ಮಾತ್ರ.

ಗುಂಪು ನೋಡಿದ ಮೇಲೆ ದಾನಿಯ ಕಣಗಳನ್ನೂ ರೋಗಿಯ ಪ್ಲಾಸ್ಮಾವನ್ನೂ ಬೆರೆಸಿ, ಗಂಟುಗಟ್ಟುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಗಂಟುಗಟ್ಟಿದರೆ ಆ ರಕ್ತ ಕೂಡದು. ಎಷ್ಟು ಕೊಡಬೇಕೆಂಬುದಕ್ಕೂ ಲೆಕ್ಕವಿದೆ. ಪ್ರಾಣಿಯ ಕಿಲೋ ತೂಕಕ್ಕೆ ಎರಡು ಮಿಲಿಲೀಟರು ರಕ್ತ ಕೊಟ್ಟರೆ ನಳಿಗೆಯ ಕೆಂಪು ಭಾಗ ಸುಮಾರು ಒಂದಂಶ ಏರುತ್ತದೆ. ೨೦ ಕಿಲೋ ರಾಜನನ್ನು ೧೧ರಿಂದ ೨೧ಕ್ಕೆ ಏರಿಸಲು ಬೇಕಾದದ್ದು ೪೦೦ ಮಿಲಿಲೀಟರು. ಅಂದು ಆ ಲೆಕ್ಕವನ್ನು ವೈದ್ಯರಿಗಿಂತ ಮೊದಲು ಹೇಳಿದವರು ಮೇಷ್ಟ್ರೇ.

ಮೊದಲ ಅರ್ಧ ಗಂಟೆ ರಕ್ತವನ್ನು ಹನಿಹನಿಯಾಗಿ ಬಿಡುತ್ತಾರೆ. ಆಗ ಜ್ವರ, ನಡುಕ, ವಾಂತಿ, ಮುಖದ ಊತ, ಉಸಿರಿನ ಕಷ್ಟ ಕಾಣಿಸಿದರೆ ಒಡನೆ ನಿಲ್ಲಿಸಬೇಕು. ಏನೂ ಆಗದಿದ್ದರೆ ವೇಗ ಹೆಚ್ಚಿಸಿ, ನಾಲ್ಕು ಗಂಟೆಯೊಳಗೆ ಮುಗಿಸುತ್ತಾರೆ. ಅದಕ್ಕಿಂತ ತಡವಾದರೆ ಚೀಲದ ರಕ್ತದಲ್ಲಿ ಕ್ರಿಮಿಗಳು ಬೆಳೆಯುವ ಭಯ.

ಮನೆಯವರ ಕರ್ತವ್ಯ

ರಕ್ತ ಕೊಡುವ ಪ್ರಸಂಗವೇ ಬಾರದಂತೆ ನೋಡಿಕೊಳ್ಳುವುದು ಲೇಸಲ್ಲವೆ? ಉಣ್ಣೆಗೆ ವೈದ್ಯರು ಹೇಳುವ ಔಷಧಿಯನ್ನು ಬೇಸಿಗೆ ಮಳೆಗಾಲವೆನ್ನದೆ ವರ್ಷಪೂರ್ತಿ ತಪ್ಪದೆ ಕೊಡಿ. ಮರಿಗಳಿಗೆ ಹುಳುವಿನ ಔಷಧಿ ಮರೆಯಬೇಡಿ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಹುಳಿಯನ್ನವನ್ನು ನಾಯಿ ಬೆಕ್ಕುಗಳಿಗೆ ಹಾಕಬೇಡಿ. ಬೇಯಿಸಿದ್ದೂ ಅವುಗಳ ರಕ್ತಕಣಗಳನ್ನು ಕೆಡಿಸುತ್ತದೆ. ಜ್ವರವೆಂದು ನಾವು ನುಂಗುವ ಪ್ಯಾರಾಸಿಟಮಾಲ್ ಮಾತ್ರೆಯನ್ನು ಬೆಕ್ಕಿಗೆ ಎಂದೂ ಕೊಡಕೂಡದು. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕಿಲ್ಲ. ಒಂದೇ ಮಾತ್ರೆ ಕೊಲ್ಲಬಹುದು. ಪ್ರೀತಿಯಿಂದ ಕೊಟ್ಟ ಮಾತ್ರೆಯೇ ಪ್ರಾಣ ತೆಗೆದರೆ ಆ ದುಃಖಕ್ಕೆ ಸಮಾಧಾನವುಂಟೆ?

ವಾರಕ್ಕೊಮ್ಮೆ ತುಟಿಯೆತ್ತಿ ಒಸಡು ನೋಡುವ ಅಭ್ಯಾಸ ಮಾಡಿಕೊಳ್ಳಿ. ಹೆಚ್ಚಿನ ಪ್ರಾಣಿಗಳಲ್ಲಿ ಅದು ತಿಳಿಗುಲಾಬಿ ಬಣ್ಣವಿರುತ್ತದೆ. ಬಿಳಿಚಿದ್ದರೂ, ಹಳದಿಯಾಗಿದ್ದರೂ, ಮೂತ್ರ ಕಾಫಿಯ ಕಷಾಯದ ಬಣ್ಣಕ್ಕೆ ತಿರುಗಿದ್ದರೂ ನಾಳೆ ನೋಡೋಣವೆನ್ನದೆ ಹೊರಡಿ.

ಚೆನ್ನೈಯ ಪಶುವೈದ್ಯಕೀಯ ಕಾಲೇಜಿನಲ್ಲಿ ಪ್ರಾಣಿಗಳಿಗಾಗಿಯೇ ರಕ್ತನಿಧಿಯಿದೆ. ಆದರೆ ಅಂಥವು ನಮ್ಮ ದೇಶದಲ್ಲಿ ಬೆರಳೆಣಿಕೆಯಷ್ಟು. ಪ್ರಾಣಿಗಳ ರಕ್ತದಾನ ಮತ್ತು ರಕ್ತನಿಧಿಗಳ ಬಗೆಗೆ ಕೇಂದ್ರ ಸರ್ಕಾರದ ಪಶುಸಂಗೋಪನಾ ಇಲಾಖೆ ೨೦೨೫ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿದೆ. ದಾನ ಸ್ವಯಂಪ್ರೇರಿತವಾಗಿರಬೇಕು, ಹಣಕ್ಕಾಗಿ ಆಗಬಾರದು ಎಂಬುದು ಅದರ ಒಂದು ಮುಖ್ಯ ಅಂಶ. ಮಾರ್ಗಸೂಚಿಯೇನೋ ಬಂದಿತು, ಚೀಲ ತುಂಬುವವರು ನಾವೇ ತಾನೆ? ಮೇಲಾಗಿ, ನಾಯಿಗೆ ಬಾಯಿಲ್ಲ. ಕೊಡುತ್ತೇನೆ ಎನ್ನಲಾರದು, ಒಲ್ಲೆ ಎನ್ನಲೂ ಆರದು. ಅದರ ಪರವಾಗಿ ಹೂಂ ಎನ್ನುವ ಯಜಮಾನನ ಹೊಣೆ ಅದಕ್ಕೇ ದೊಡ್ಡದು.

ಆ ರಾತ್ರಿ

ಈಗ ಬಿಟ್ಟ ಕಥೆಗೆ ಬರೋಣ. ನಮ್ಮ ಹಿಂದಿನ ಬೀದಿಯಲ್ಲಿ ೩೨ ಕಿಲೋದ ಲ್ಯಾಬ್ರಡಾರ್ ಒಂದಿತ್ತು. ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಮೇಷ್ಟ್ರಿಗೇ. ಏಕೆಂದರೆ ಅದರ ಬೊಗಳುವಿಕೆಯಿಂದ ಮಧ್ಯಾಹ್ನದ ನಿದ್ರೆ ಕೆಡುತ್ತದೆಂದು ಬಡಾವಣೆಯ ಸಂಘಕ್ಕೆ ಎರಡು ಸಲ ದೂರು ಬರೆದವರು ಅವರು. ಆ ಮನೆಯವರಿಗೂ ಇವರಿಗೂ ಒಂದು ವರ್ಷದಿಂದ ಮಾತಿರಲಿಲ್ಲ.

ಕೊಡೆ ಹಿಡಿದು ನಾವಿಬ್ಬರೂ ಆ ಬಾಗಿಲ ಮುಂದೆ ನಿಂತೆವು. ಬಾಗಿಲು ತೆರೆದಾಕೆ ಮೇಷ್ಟ್ರನ್ನು ಕಂಡು ಒಂದು ಕ್ಷಣ ಮುಖ ಬಿಗಿದುಕೊಂಡರು. ಮೇಷ್ಟ್ರು ಪೀಠಿಕೆ ಹಾಕಲಿಲ್ಲ. “ತಾಯೀ, ನಾನು ತಪ್ಪು ಮಾಡಿದ್ದೇನೆ, ಅದನ್ನು ನಾಳೆ ಮಾತಾಡೋಣ. ಈಗ ನನ್ನ ನಾಯಿ ಸಾಯುತ್ತಿದೆ” ಎಂದರು. ಆಕೆ ವಿಷಯ ಕೇಳಿ, ಅಪಾಯವಿದೆಯೇ ಎಂದು ವೈದ್ಯರನ್ನು ಫೋನಿನಲ್ಲಿ ವಿಚಾರಿಸಿ, ಸುಮ್ಮನೆ ಒಳಗೆ ಹೋಗಿ ನಾಯಿಯ ಸರಪಳಿ ತಂದರು.

ಪರೀಕ್ಷೆಗಳೆಲ್ಲ ಆಗಿ ರಕ್ತ ಹರಿಯತೊಡಗಿದಾಗ ನಡುರಾತ್ರಿ ಮೀರಿತ್ತು. ಬೆಳಗಿನ ಜಾವಕ್ಕೆ ರಾಜ ತಲೆಯೆತ್ತಿ ನೀರು ಕುಡಿಯಿತು. ಔಷಧಿ ನಾಟಿತು, ಹತ್ತು ದಿನದಲ್ಲಿ ಅದು ಗೇಟಿನ ಬಳಿ ನಿಂತು ಹಾಲಿನವನಿಗೆ ಬೊಗಳುವಂತಾಯಿತು.

ಮೇಷ್ಟ್ರು ಹಣ್ಣು ಹೂವು ಹಿಡಿದು ಹಿಂದಿನ ಬೀದಿಗೆ ಹೋಗಿ, “ನಾಳೆ ನಿಮ್ಮ ನಾಯಿಗೆ ಬೇಕಾದರೆ ನಮ್ಮ ರಾಜ ಇದ್ದಾನೆ” ಎಂದರಂತೆ. ವೈದ್ಯರನ್ನು ಕೇಳಿದಾಗ ತಿಳಿಯಿತು: ರಕ್ತ ಪಡೆದ ನಾಯಿ, ಅದರಲ್ಲಿಯೂ ಉಣ್ಣೆಜ್ವರ ಕಂಡ ನಾಯಿ, ಎಂದೂ ದಾನಿಯಾಗಲಾರದು. ಪಡೆದ ಋಣವನ್ನು ರಾಜ ತೀರಿಸುವಂತೆಯೇ ಇಲ್ಲ.

ಅಂದಿನಿಂದ ಮೇಷ್ಟ್ರು ಒಂದು ಲೆಕ್ಕದ ಪುಸ್ತಕ ಇಟ್ಟಿದ್ದಾರೆ. ಬಡಾವಣೆಯ ಯಾವ ಮನೆಯಲ್ಲಿ ಯಾವ ನಾಯಿ, ಯಾವ ಬೆಕ್ಕು, ವಯಸ್ಸೆಷ್ಟು, ತೂಕವೆಷ್ಟು, ಲಸಿಕೆ ಯಾವಾಗ ಆಯಿತು, ರಕ್ತದ ಗುಂಪು ಯಾವುದು, ಮನೆಯವರ ಒಪ್ಪಿಗೆಯಿದೆಯೆ—ಎಲ್ಲವನ್ನೂ ಗೆರೆ ಎಳೆದು, ದುಂಡಾದ ಅಕ್ಷರಗಳಲ್ಲಿ ಬರೆದಿದ್ದಾರೆ. ಮೊದಲ ಸಾಲಿನಲ್ಲಿರುವುದು ಹಿಂದಿನ ಬೀದಿಯ ಲ್ಯಾಬ್ರಡಾರ್. ಈವರೆಗೆ ಹದಿನೇಳು ಹೆಸರುಗಳಾಗಿವೆ. ನಿಮ್ಮ ಬೀದಿಯಲ್ಲಿಯೂ ಇಂಥದೊಂದು ಪುಸ್ತಕ ಇರಬಾರದೆ? ಎರಡು ರೂಲು ಹಾಕಿದ ಹಾಳೆ ಸಾಕು. ಆದರೆ ಮಳೆಯ ರಾತ್ರಿಗೆ ಮುನ್ನವೇ ಬರೆದಿಟ್ಟಿರಬೇಕು.